ಅಚ್ಚಿನ ಹೊಳಪು, ಉಜ್ಜಿದ ಹೊಳಪು: ರಾಯಚೂರು ಸೀಮೆಯ ನಾಣ್ಯಗಳಲ್ಲಿ ಪ್ರೂಫ್ ಲಕ್ಷಣದ ಪರಿಶೀಲನೆ

ರಾಯಚೂರು, ದೇವದುರ್ಗ, ಮಾನ್ವಿ ಭಾಗದ ಹಳೆಯ ಮನೆಗಳಲ್ಲಿ ಉಳಿದುಕೊಂಡಿರುವ ನಿಜಾಮರ ಕಾಲದ ಬೆಳ್ಳಿ ರೂಪಾಯಿಗಳಲ್ಲಿ ಹಲವು ಹುಣಸೆಹಣ್ಣಿನ ಹುಳಿ, ಅಂಟುವಾಳದ ನೊರೆ ಕಂಡಂಥವು. ಹಾಗೆ ತಿಕ್ಕಿ ಬೆಳಗಿದ ನಾಣ್ಯವನ್ನು ಮಾರುವಾಗ 'ಪ್ರೂಫ್' ಎಂದು ಹೇಳುವುದುಂಟು. ಪ್ರೂಫ್ ಎಂಬುದು ನಾಣ್ಯ ಇಂದು ಇರುವ ಸ್ಥಿತಿಯ ಹೆಸರಲ್ಲ, ಅದು ತಯಾರಾದ ರೀತಿಯ ಹೆಸರು ಎಂಬುದೇ ಈ ಲೇಖನದ ವಾದ. ಆ ರೀತಿಯ ಗುರುತು ಲೋಹದ ಮೇಲೆಯೇ ಉಳಿದಿರುತ್ತದೆ.

ನಾರಾಯಣಪೇಟೆ, ಗದ್ವಾಲದಂಥ ನೆರೆಯ ಟಂಕಸಾಲೆಗಳಲ್ಲಿ ನಾಣ್ಯಗಳನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಬಿಲ್ಲೆಗಿಂತ ಅಚ್ಚು ದೊಡ್ಡದಾಗಿದ್ದರಿಂದ ಬರಹದ ಒಂದು ಪಾಲು ಮಾತ್ರ ನಾಣ್ಯದ ಮೇಲೆ ಮೂಡುತ್ತಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೈದರಾಬಾದಿನ ಟಂಕಸಾಲೆಯಿಂದ ಬಂದ ಚಾರ್ಮಿನಾರ್ ರೂಪಾಯಿ ಯಂತ್ರದ ಕೆಲಸ. ಅದರ ತೂಕ ಸುಮಾರು 11.18 ಗ್ರಾಂ, ಬೆಳ್ಳಿಯ ಪ್ರಮಾಣ ಸಾವಿರಕ್ಕೆ 818. ಚಾರ್ಮಿನಾರಿನ ಬಾಗಿಲಿನೊಳಗೆ ನಿಜಾಮ ಮಹಬೂಬ್ ಅಲಿ ಖಾನರ ನಾಣ್ಯದಲ್ಲಿ 'ಮೀಮ್', 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರ ನಾಣ್ಯದಲ್ಲಿ 'ಐನ್' ಅಕ್ಷರವಿದೆ. ಆ ಪುಟ್ಟ ಬಾಗಿಲು ನಮ್ಮ ಪರೀಕ್ಷೆಗೆ ಬಹಳ ಮುಖ್ಯ.

ಪ್ರೂಫ್ ನಾಣ್ಯದ ಕೆಲಸ ಅಚ್ಚಿನಿಂದಲೇ ಶುರು. ಗಟ್ಟಿಗೊಳಿಸಿದ ಉಕ್ಕಿನ ಅಚ್ಚಿನ ಬಯಲು ಭಾಗಕ್ಕೆ ವಜ್ರದ ಪುಡಿಯ ಲೇಪ ಹಚ್ಚಿ, ಕನ್ನಡಿಯಂತಾಗುವ ತನಕ ತಿಕ್ಕುತ್ತಾರೆ. ಚಿತ್ರವಿರುವ ಕುಳಿಗಳನ್ನು ಮಾತ್ರ ನವಿರಾದ ಮರಳಿನ ಸಿಡಿತದಿಂದಲೋ ಲೇಸರ್‌ನಿಂದಲೋ ಮಂಜುಗಟ್ಟಿದಂತೆ ಮಾಡುತ್ತಾರೆ. ಬಿಲ್ಲೆಗಳಿಗೂ ಬೇರೆಯೇ ಆರೈಕೆ: ಕಾಯಿಸಿ ಮೆತ್ತಗಾಗಿಸಿ, ಉಕ್ಕಿನ ಗುಂಡುಗಳ ಜೊತೆ ಉರುಳಿಸಿ ಮೆರುಗು ಕೊಟ್ಟು, ತೊಳೆದು ಒಣಗಿಸಿ, ಒಂದೊಂದನ್ನೇ ಕೈಯಿಂದ ಯಂತ್ರದಲ್ಲಿ ಇಡುತ್ತಾರೆ. ಚಲಾವಣೆಯ ನಾಣ್ಯಕ್ಕೆ ಒಂದೇ ಏಟು, ಅದೂ ಭಾರಿ ವೇಗದಲ್ಲಿ. ಪ್ರೂಫ್ ಬಿಲ್ಲೆಗೆ ನಿಧಾನಗತಿಯ ಒತ್ತು, ಎರಡು ಅಥವಾ ಹೆಚ್ಚು ಬಾರಿ. ಹೀಗೆ ಒತ್ತಿದಾಗ ಲೋಹ ಅಚ್ಚಿನ ಮೂಲೆಮೂಲೆಗೂ ಹೋಗಿ ತುಂಬಿಕೊಳ್ಳುತ್ತದೆ. ಅಂಚು ಚೌಕಾಗಿ ನಿಲ್ಲುತ್ತದೆ, ಅಕ್ಷರಗಳ ಕೋನ ಮಸುಕಾಗುವುದಿಲ್ಲ. ನಡುನಡುವೆ ಅಚ್ಚನ್ನು ಒರೆಸುತ್ತಿರಬೇಕು. ಅಲ್ಲಿ ಒಂದು ಎಳೆ ನೂಲು ಉಳಿದರೂ ಮುಂದಿನ ನಾಣ್ಯದ ಬಯಲಿನಲ್ಲಿ ಅದರ ಗುರುತು ಬೀಳುತ್ತದೆ. ಸಿದ್ಧವಾದ ನಾಣ್ಯವನ್ನು ಕೈಗವಸು ತೊಟ್ಟು ಅಂಚಿನಲ್ಲಿ ಹಿಡಿದೇ ಎತ್ತುತ್ತಾರೆ. ಇಷ್ಟು ತಾಳ್ಮೆ ಬೇಡುವ ಕೆಲಸವನ್ನು 'ಹೊಳೆಯುವ ನಾಣ್ಯ' ಎಂಬ ಎರಡು ಮಾತಿನಲ್ಲಿ ಮುಗಿಸುವುದು ಕುಶಲಿಗಳಿಗೆ ಮಾಡುವ ಅನ್ಯಾಯವೆಂದೇ ನನ್ನ ಭಾವನೆ.

ಹೋಲಿಕೆಗೆ ಸಿಗುವ ಒಳ್ಳೆಯ ಉದಾಹರಣೆ 2006ರ ಮಹಾತ್ಮ ಬಸವೇಶ್ವರ ಸ್ಮಾರಕ ನಾಣ್ಯ. 23 ಮಿ.ಮೀ. ವ್ಯಾಸದ, ತಾಮ್ರ-ನಿಕ್ಕಲ್ ಮಿಶ್ರಲೋಹದ ಐದು ರೂಪಾಯಿ ಸಾಮಾನ್ಯ ಚಲಾವಣೆಗೂ ಬಂತು, ನೂರು ರೂಪಾಯಿ ನಾಣ್ಯದ ಜೊತೆ ಪ್ರೂಫ್ ಜೋಡಿಯಾಗಿಯೂ ಹೊರಬಂತು. ವಿನ್ಯಾಸ ಒಂದೇ, ಲೋಹವೂ ಒಂದೇ. ಚಲಾವಣೆಯ ಹೊಸ ನಾಣ್ಯವನ್ನು ಬೆಳಕಿನಲ್ಲಿ ತಿರುಗಿಸಿದರೆ ನಡುವಿನಿಂದ ಅಂಚಿಗೆ ಹರಿದ ಲೋಹದ ಸೂಕ್ಷ್ಮ ಗೆರೆಗಳ ಮೇಲೆ ಬೆಳಕು ಚಕ್ರದ ಅರಗಳಂತೆ ಸುತ್ತುತ್ತದೆ. ಪ್ರೂಫ್‌ನಲ್ಲಿ ಈ ಸುತ್ತು ಕಾಣುವುದಿಲ್ಲ. ಬಯಲು ಕಪ್ಪು ಕನ್ನಡಿಯಾಗಿ, ಬಸವಣ್ಣನವರ ಮುಖ ಬೆಳ್ಳಗೆ ಎದ್ದು ಕಾಣುತ್ತದೆ.

ಈಗ ಚಾರ್ಮಿನಾರ್ ರೂಪಾಯಿಗೆ ಬರೋಣ. ಬಟ್ಟೆಯಾಗಲಿ ಬೆರಳಾಗಲಿ ಬಾಗಿಲಿನ ಕಮಾನಿನೊಳಗೆ, ಐನ್ ಅಕ್ಷರದ ಸಂದಿಯೊಳಗೆ ಸಲೀಸಾಗಿ ಇಳಿಯದು. ಹಾಗಾಗಿ ಉಜ್ಜಿದ ನಾಣ್ಯದಲ್ಲಿ ಸುತ್ತಲ ಬಯಲು ಥಳಥಳಿಸಿದರೂ ಬಾಗಿಲಿನ ತಳದಲ್ಲಿ ಹಳೆಯ ಕಪ್ಪು ಉಳಿದಿರುತ್ತದೆ. ಭೂತಕನ್ನಡಿ ಹಿಡಿದರೆ ಕೂದಲೆಳೆಯಂಥ ಗೀರುಗಳು ಬಯಲನ್ನೂ ಮಿನಾರುಗಳನ್ನೂ ಲೆಕ್ಕಿಸದೆ ಒಂದೇ ದಿಕ್ಕಿಗೆ ಹಾಯ್ದಿರುತ್ತವೆ. ಅಚ್ಚಿನಿಂದ ಬಂದ ಮೆರುಗಾದರೆ ಕಮಾನಿನ ಒಳಮೂಲೆಯಲ್ಲೂ ಅಷ್ಟೇ ಇರಬೇಕು. ಉಬ್ಬಿದ ಭಾಗದ ಮಂಜು ಕಲಕಿರಬಾರದು.

ಕಪ್ಪಾಗುವಿಕೆಯನ್ನು ಮಾತ್ರ ಈ ಪರೀಕ್ಷೆಯಲ್ಲಿ ದೋಷವೆಂದು ಎಣಿಸಕೂಡದು. ಬಸವೇಶ್ವರ ಜೋಡಿಯ ನೂರು ರೂಪಾಯಿಯಲ್ಲಿ ಅರ್ಧ ಬೆಳ್ಳಿ, ಶೇಕಡಾ 40 ತಾಮ್ರ. ಗಾಳಿ ತಗುಲಿದರೆ ಅದು ಬಣ್ಣ ತಿರುಗುವುದು ಸಹಜ, ಅದರಿಂದ ಪ್ರೂಫ್ ಲಕ್ಷಣ ಹೋಗುವುದಿಲ್ಲ. ಆ ಬಣ್ಣ ತೆಗೆಯಲೆಂದು ಹುಣಸೆಹುಳಿ ಹಾಕಿ ಉಜ್ಜಿದರೆ ಮುಖದ ಮಂಜು ಅಳಿಯುತ್ತದೆ, ಅದನ್ನು ಮತ್ತೆ ಮೂಡಿಸುವ ದಾರಿಯಿಲ್ಲ.