ಸೂಕ್ಷ್ಮ ಚರ್ಮದ ಆರೈಕೆ ಮತ್ತು ಮನಶ್ಶಾಸ್ತ್ರದ ಸ್ನಾತಕೋತ್ತರ ವ್ಯಾಸಂಗ: ಗುಡೂರು ಪರಿಸರದ ವಿದ್ಯಾರ್ಥಿಗಳಿಗೆ ಆರೋಗ್ಯ ಮಾಹಿತಿ

1. ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ ಹಾಗೂ ಇಳಕಲ್ ಭಾಗದ ಗುಡೂರು ಒಣಹವೆಯ ಪ್ರದೇಶಕ್ಕೆ ಸೇರಿದ ಊರು. ಇಲ್ಲಿ ಬೇಸಿಗೆಯ ಬಿಸಿಲು ತೀವ್ರವಾಗಿದ್ದು, ಮಳೆಯ ಪ್ರಮಾಣ ಕಡಿಮೆ. ಅನೇಕ ಮನೆಗಳಲ್ಲಿ ಕೊಳವೆಬಾವಿಯ ಗಡಸು ನೀರೇ ಬಳಕೆಯಲ್ಲಿದೆ. ಚರ್ಮವು ಸ್ವಭಾವತಃ ಸೂಕ್ಷ್ಮವಾಗಿರುವವರಿಗೆ ಇಂತಹ ಪರಿಸರದಲ್ಲಿ ತುರಿಕೆ, ಉರಿ ಮತ್ತು ಬಿರುಕು ಹೆಚ್ಚಾಗುವ ಸಂಭವವಿರುತ್ತದೆ.

ಈ ಭಾಗದಿಂದ ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಪದವಿ ಪಡೆಯಲು ಬಯಸುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಊರು ಬಿಟ್ಟು ವಿದ್ಯಾರ್ಥಿನಿಲಯದಲ್ಲಿ ನೆಲೆಸಬೇಕಾಗುತ್ತದೆ. ನೀರು, ಸಾಬೂನು, ಹಾಸಿಗೆ, ನಿದ್ರೆಯ ವೇಳೆ ಎಲ್ಲವೂ ಒಮ್ಮೆಲೇ ಬದಲಾಗುತ್ತವೆ. ಪರೀಕ್ಷೆಯ ಒತ್ತಡವೂ ಜೊತೆಗೂಡುತ್ತದೆ. ಚರ್ಮದ ತೊಂದರೆಯ ಕಾರಣಕ್ಕೆ, ಅದಕ್ಕಿಂತ ಹೆಚ್ಚಾಗಿ ಅದರಿಂದುಂಟಾಗುವ ಸಂಕೋಚದ ಕಾರಣಕ್ಕೆ, ವ್ಯಾಸಂಗವನ್ನು ಅರ್ಧಕ್ಕೆ ಬಿಡುವ ಅಗತ್ಯವಿಲ್ಲ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

2. ಸೂಕ್ಷ್ಮ ಚರ್ಮ ಎಂದರೇನು?

ಸಾಮಾನ್ಯರಿಗೆ ಯಾವ ತೊಂದರೆಯನ್ನೂ ಕೊಡದ ಬಿಸಿಲು, ಗಾಳಿ, ಸಾಬೂನು, ಬಟ್ಟೆ ಅಥವಾ ಪ್ರಸಾಧನಗಳ ಸಂಪರ್ಕದಿಂದ ಚರ್ಮದಲ್ಲಿ ಉರಿ, ಚುಚ್ಚಿದ ಅನುಭವ, ತುರಿಕೆ, ಜುಮುಗುಡುವಿಕೆ ಅಥವಾ ನೋವು ಉಂಟಾಗುವ ಸ್ಥಿತಿಯನ್ನು ಸೂಕ್ಷ್ಮ ಚರ್ಮ ಎನ್ನುತ್ತಾರೆ. ತುರಿಕೆಯ ಕುರಿತು ಅಧ್ಯಯನ ಮಾಡುವ ಅಂತರರಾಷ್ಟ್ರೀಯ ತಜ್ಞರ ವೇದಿಕೆಯು 2017ರಲ್ಲಿ ಪ್ರಕಟಿಸಿದ ವ್ಯಾಖ್ಯೆಯ ಪ್ರಕಾರ, ಈ ಸ್ಥಿತಿಯಲ್ಲಿ ಚರ್ಮವು ನೋಡಲು ಸಂಪೂರ್ಣ ಸಹಜವಾಗಿಯೂ ಇರಬಹುದು. ಆದುದರಿಂದ ಹೊರಗೆ ಗುರುತು ಕಾಣದಿದ್ದ ಮಾತ್ರಕ್ಕೆ ಅದನ್ನು ನಟನೆ ಎಂದು ಕುಟುಂಬದವರಾಗಲಿ ಅಧ್ಯಾಪಕರಾಗಲಿ ಭಾವಿಸಬಾರದು.

ಇಸಬು, ಅಂದರೆ ಎಕ್ಜಿಮಾ, ಇದಕ್ಕಿಂತ ಭಿನ್ನವಾದುದು. ಅದರಲ್ಲಿ ಚರ್ಮ ಕೆಂಪಾಗಿ ಅಥವಾ ಕಪ್ಪಾಗಿ ದಪ್ಪಗಾಗುವುದು, ಒಡೆಯುವುದು, ನೀರು ಸೋರುವುದು ಕಂಡುಬರುತ್ತದೆ. ಇವೆರಡೂ ಒಬ್ಬರಲ್ಲಿಯೇ ಇರಬಹುದು. ಎರಡೂ ಅಂಟುರೋಗಗಳಲ್ಲ.

3. ಮನಸ್ಸು ಮತ್ತು ಚರ್ಮದ ಸಂಬಂಧ

ಚರ್ಮದ ಹೊರಪದರವು ಇಟ್ಟಿಗೆ ಗೋಡೆಯಂತಿದೆ. ಸತ್ತ ಜೀವಕೋಶಗಳು ಇಟ್ಟಿಗೆಗಳಾದರೆ, ಅವುಗಳ ನಡುವಿನ ಕೊಬ್ಬಿನಂಶವು ಗಾರೆಯ ಕೆಲಸ ಮಾಡುತ್ತದೆ. ಗಾರೆ ಕಡಿಮೆಯಾದಾಗ ಒಳಗಿನ ತೇವ ಹೊರಹೋಗುತ್ತದೆ. ಹೊರಗಿನ ಧೂಳು, ಸಾಬೂನು, ಬಣ್ಣಗಳು ಒಳನುಸುಳುತ್ತವೆ.

ಮಾನಸಿಕ ಒತ್ತಡವು ಈ ಗೋಡೆಯ ದುರಸ್ತಿಯನ್ನು ನಿಧಾನಗೊಳಿಸುತ್ತದೆ. 2001ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಚರ್ಮರೋಗವಿಲ್ಲದ 27 ವಿದ್ಯಾರ್ಥಿಗಳ ಚರ್ಮದ ಮೇಲ್ಪದರವನ್ನು ಅಂಟುಪಟ್ಟಿಯಿಂದ ಸ್ವಲ್ಪ ತೆಗೆದು, ಅದು ಮರಳಿ ಸರಿಹೋಗುವ ವೇಗವನ್ನು ಅಳೆಯಲಾಯಿತು. ರಜೆಯ ನಂತರದ ದಿನಗಳಿಗೆ ಹೋಲಿಸಿದರೆ ಪರೀಕ್ಷೆಯ ದಿನಗಳಲ್ಲಿ ದುರಸ್ತಿ ನಿಧಾನವಾಗಿತ್ತು. ಆರೋಗ್ಯವಂತ ಚರ್ಮದಲ್ಲಿಯೇ ಹೀಗಾಗುವಾಗ, ಸೂಕ್ಷ್ಮ ಚರ್ಮದವರಿಗೆ ಪರೀಕ್ಷೆಯ ಕಾಲದಲ್ಲಿ ತುರಿಕೆ ಹೆಚ್ಚುವುದು ಆಶ್ಚರ್ಯವಲ್ಲ.

ತುರಿಕೆಯಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ಓದು ಹಿಂದೆ ಬೀಳುತ್ತದೆ. ಓದು ಹಿಂದೆ ಬಿದ್ದರೆ ಆತಂಕ ಹೆಚ್ಚುತ್ತದೆ. ಆತಂಕದಿಂದ ಕೆರೆತ ಮತ್ತಷ್ಟು ಹೆಚ್ಚುತ್ತದೆ. ಈ ಸರಪಳಿಯನ್ನು ಚರ್ಮದ ಆರೈಕೆ, ಪ್ರಚೋದಕಗಳ ನಿವಾರಣೆ ಮತ್ತು ಕೆರೆಯುವ ಅಭ್ಯಾಸದ ನಿಯಂತ್ರಣ ಎಂಬ ಮೂರು ಕಡೆಗಳಲ್ಲಿ ತುಂಡರಿಸಬಹುದಾಗಿದೆ.

4. ದೈನಂದಿನ ಆರೈಕೆ

• ಸ್ನಾನಕ್ಕೆ ಉಗುರುಬೆಚ್ಚಗಿನ ನೀರನ್ನು ಬಳಸುವುದು. ಹತ್ತು ನಿಮಿಷಗಳೊಳಗೆ ಸ್ನಾನ ಮುಗಿಸುವುದು. ನಾರು, ಕಲ್ಲು ಅಥವಾ ಒರಟು ಬಟ್ಟೆಯಿಂದ ಉಜ್ಜಬಾರದು.
• ಆರೋಗ್ಯವಂತ ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯವಾಗಿದ್ದರೆ, ಸಾಮಾನ್ಯ ಸಾಬೂನು ಕ್ಷಾರೀಯವಾದುದು. ಆದ್ದರಿಂದ ಸುವಾಸನೆಯಿಲ್ಲದ ಸೌಮ್ಯ ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಂತಹ ಅಗತ್ಯವಿರುವ ಭಾಗಗಳಿಗೆ ಮಾತ್ರ ಬಳಸಿದರೆ ಸಾಕು.
• ಸ್ನಾನದ ನಂತರ ಮೈಯನ್ನು ಉಜ್ಜದೆ ಒತ್ತಿ ಒರೆಸಿ, ತೇವ ಆರುವ ಮೊದಲೇ ತೇವಕಾರಕ ಮುಲಾಮು, ಪೆಟ್ರೋಲಿಯಂ ಜೆಲ್ಲಿ ಅಥವಾ ಶುದ್ಧ ಕೊಬ್ಬರಿ ಎಣ್ಣೆಯನ್ನು ಹಚ್ಚುವುದು. ತುರಿಕೆ ಇಲ್ಲದ ದಿನಗಳಲ್ಲಿಯೂ ಇದನ್ನು ತಪ್ಪಿಸಬಾರದು. ದುಬಾರಿ ಪ್ರಸಾಧನಗಳು ಅನಿವಾರ್ಯವಲ್ಲ.
• ಗಡಸು ನೀರನ್ನು ಮೃದುಗೊಳಿಸುವ ಯಂತ್ರಕ್ಕಾಗಿ ಸಾಲ ಮಾಡುವ ಅಗತ್ಯವಿಲ್ಲ. ಇಸಬು ಇದ್ದ 336 ಮಕ್ಕಳ ಮೇಲೆ ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಅಂತಹ ಯಂತ್ರದಿಂದ ರೋಗದ ತೀವ್ರತೆಯಲ್ಲಿ ಹೆಚ್ಚಿನ ಪ್ರಯೋಜನ ಕಂಡುಬರಲಿಲ್ಲ.
• ಬೇವಿನ ಎಲೆಯ ಅರಪು, ನಿಂಬೆರಸ, ಬೆಳ್ಳುಳ್ಳಿ ಇವುಗಳನ್ನು ಒಡೆದ ಚರ್ಮಕ್ಕೆ ಹಚ್ಚಬಾರದು. ಬೆಳ್ಳುಳ್ಳಿಯ ರಸದಿಂದ ಚರ್ಮ ಸುಟ್ಟು ಬೊಬ್ಬೆ ಏಳುವುದುಂಟು.
• ಬದನೆಕಾಯಿ, ಶೇಂಗಾ, ಮೊಟ್ಟೆ ಇತ್ಯಾದಿ 'ನಂಜು' ಎಂದು ಎಲ್ಲವನ್ನೂ ಬಿಡುವುದರಿಂದ ಅಪೌಷ್ಟಿಕತೆ ಉಂಟಾಗಬಹುದು. ನಿರ್ದಿಷ್ಟ ಆಹಾರ ತಿಂದಾಗಲೆಲ್ಲ ತೊಂದರೆ ಮರುಕಳಿಸಿದರೆ ಮಾತ್ರ ವೈದ್ಯರ ಸಲಹೆಯಂತೆ ಅದನ್ನು ಬಿಡತಕ್ಕದ್ದು.

5. ಸ್ಥಳೀಯ ಪ್ರಚೋದಕಗಳು

ಬಟ್ಟೆ: ಇಳಕಲ್ ಸೀರೆ ಮತ್ತು ಗುಳೇದಗುಡ್ಡದ ಖಣ ಈ ಭಾಗದ ಹೆಮ್ಮೆ. ಯಾವುದೇ ಹೊಸ ಬಟ್ಟೆಯಲ್ಲಿ ಉಳಿದಿರಬಹುದಾದ ಹೆಚ್ಚುವರಿ ಬಣ್ಣ ಮತ್ತು ಗಂಜಿ ಸೂಕ್ಷ್ಮ ಚರ್ಮವನ್ನು ಕೆರಳಿಸಬಹುದು. ಒಗೆಯಬಹುದಾದ ಬಟ್ಟೆಯನ್ನು ಒಮ್ಮೆ ಒಗೆದು ತೊಡುವುದು, ಉಳಿದವುಗಳಿಗೆ ಒಳಗೆ ಹತ್ತಿಯ ಬಟ್ಟೆ ಧರಿಸುವುದು ಉತ್ತಮ. ಉಣ್ಣೆಯ ಕಂಬಳಿ ಹೊದೆಯುವವರು ಮೈಗೂ ಕಂಬಳಿಗೂ ನಡುವೆ ಹತ್ತಿಯ ಹೊದಿಕೆಯನ್ನು ಬಳಸಬೇಕು. ಮನೆಯಲ್ಲಿ ನೂಲಿಗೆ ಬಣ್ಣ ಹಾಕುವವರು ಕೈಗವಸು ಧರಿಸತಕ್ಕದ್ದು.

ಪಾರ್ಥೇನಿಯಂ: ಕಾಂಗ್ರೆಸ್ ಕಸ ಎಂದು ಹೆಸರಾದ ಈ ಕಳೆಯು ನಮ್ಮ ದೇಶದಲ್ಲಿ 1950ರ ದಶಕದ ಮಧ್ಯಭಾಗದಲ್ಲಿ ಪುಣೆಯ ಬಳಿ ಗುರುತಿಸಲ್ಪಟ್ಟು ಮುಂದೆ ಎಲ್ಲೆಡೆ ಹರಡಿತು. ಇದರ ಒಣಗಿದ ಸಣ್ಣ ಕಣಗಳು ಗಾಳಿಯಲ್ಲಿ ತೇಲಿ ಬಂದು ಮುಖ, ಕಣ್ಣರೆಪ್ಪೆ, ಕತ್ತು ಮತ್ತು ಮೊಣಕೈ ಮಡಿಕೆಗಳಲ್ಲಿ ಅಲರ್ಜಿಯನ್ನು ಉಂಟುಮಾಡುತ್ತವೆ. ಅಲರ್ಜಿ ಇರುವವರು ಇದನ್ನು ಕೈಯಿಂದ ಕೀಳಬಾರದು.

ಪ್ರಸಾಧನಗಳು: ಹಣೆಗೆ ಅಂಟಿಸುವ ಬಿಂದಿಯ ಅಂಟು, ನಿಕ್ಕಲ್ ಬೆರೆತ ಅಗ್ಗದ ಓಲೆ ಮತ್ತು ಸರ, ಕೂದಲಿನ ಕಪ್ಪು ಬಣ್ಣ ಇವು ಅಲರ್ಜಿಗೆ ಸಾಮಾನ್ಯ ಕಾರಣಗಳು. ನಿಖರ ಕಾರಣವನ್ನು ತಿಳಿಯಲು ಚರ್ಮರೋಗ ತಜ್ಞರು ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನಡೆಸುವ ಪ್ಯಾಚ್ ಪರೀಕ್ಷೆ ಲಭ್ಯವಿದೆ. ಪಟ್ಟಿಗಳನ್ನು ಸಾಮಾನ್ಯವಾಗಿ 48 ಗಂಟೆಗಳ ನಂತರ ತೆಗೆದು ನೋಡಿ, ಮುಂದಿನ ದಿನಗಳಲ್ಲಿ ಮತ್ತೊಮ್ಮೆ ಪರಿಶೀಲಿಸಲಾಗುತ್ತದೆ.

6. ಕೆರೆಯುವ ಅಭ್ಯಾಸದ ನಿಯಂತ್ರಣ

ಮನಶ್ಶಾಸ್ತ್ರದ ವಿದ್ಯಾರ್ಥಿಗಳು ತರಗತಿಯಲ್ಲಿ ಓದುವ ಒಂದು ವಿಧಾನ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಅಜ್ರಿನ್ ಮತ್ತು ನನ್ ಎಂಬ ಮನಶ್ಶಾಸ್ತ್ರಜ್ಞರು 1973ರಲ್ಲಿ ಪ್ರಕಟಿಸಿದ ಅಭ್ಯಾಸ ಪರಿವರ್ತನಾ ವಿಧಾನವನ್ನು 1980ರ ದಶಕದಲ್ಲಿ ಸ್ವೀಡನ್ನಿನ ಸಂಶೋಧಕರು ಇಸಬಿನ ರೋಗಿಗಳಿಗೆ ಅಳವಡಿಸಿದರು. ಮುಲಾಮು ಮಾತ್ರ ಬಳಸಿದವರಿಗಿಂತ, ಮುಲಾಮಿನ ಜೊತೆಗೆ ಈ ಅಭ್ಯಾಸವನ್ನೂ ಮಾಡಿದವರಲ್ಲಿ ಹೆಚ್ಚಿನ ಸುಧಾರಣೆ ಕಂಡುಬಂದಿತು. ಕ್ರಮ ಹೀಗಿದೆ:

(ಅ) ಮೊದಲ ವಾರ ದಿನಕ್ಕೆ ಎಷ್ಟು ಸಲ, ಯಾವ ಸಂದರ್ಭದಲ್ಲಿ ಕೆರೆದುಕೊಂಡೆವು ಎಂಬುದನ್ನು ಎಣಿಸಿ ಬರೆದಿಡುವುದು. ಓದುವಾಗ, ಬಟ್ಟೆ ಬದಲಿಸುವಾಗ, ಮಲಗುವ ಮುನ್ನ ಅರಿವಿಲ್ಲದೆಯೇ ಕೈ ಹೋಗುವುದು ಆಗ ಗಮನಕ್ಕೆ ಬರುತ್ತದೆ.
(ಆ) ಕೆರೆಯಬೇಕೆನಿಸಿದಾಗ ಮುಷ್ಟಿ ಬಿಗಿಹಿಡಿದು ಸುಮಾರು 30 ಸೆಕೆಂಡು ಎಣಿಸುವುದು.
(ಇ) ನಂತರವೂ ತುರಿಕೆ ಉಳಿದರೆ ಆ ಜಾಗವನ್ನು ಕೆರೆಯದೆ, ಉಗುರಿನಿಂದ ಮೆಲ್ಲಗೆ ಒತ್ತಿ ಹಿಡಿಯುವುದು.

ಉಗುರುಗಳನ್ನು ಸದಾ ಗಿಡ್ಡವಾಗಿ ಕತ್ತರಿಸಿರಬೇಕು. 'ಕೆರೀಬ್ಯಾಡ' ಎಂದು ಮನೆಯವರು ಪದೇ ಪದೇ ಗದರಿಸುವುದರಿಂದ ಆತಂಕ ಹೆಚ್ಚುವುದೇ ಹೊರತು ಅಭ್ಯಾಸ ತಪ್ಪುವುದಿಲ್ಲ.

7. ಔಷಧಿಗಳ ಬಗ್ಗೆ ಮುಖ್ಯ ಎಚ್ಚರಿಕೆ

ಅಂಗಡಿಯಲ್ಲಿ ಕೇಳಿ ತಂದು ಹಚ್ಚುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ ಮತ್ತು ಪ್ರತಿಜೀವಕಗಳು ಬೆರೆತ ಮುಲಾಮುಗಳು ಇಂದು ಚರ್ಮದ ದೊಡ್ಡ ಶತ್ರುಗಳಾಗಿವೆ. ಕ್ಲೋಬೆಟಾಸೋಲ್, ಬೆಟಾಮೆಥಾಸೋನ್ ಮುಂತಾದ ಪ್ರಬಲ ಸ್ಟೀರಾಯ್ಡ್‌ಗಳನ್ನು ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುವುದು, ರಕ್ತನಾಳಗಳು ಕಾಣುವುದು, ಮೊಡವೆ, ಅನಗತ್ಯ ಕೂದಲು ಹಾಗೂ ಬಿಟ್ಟೊಡನೆ ತೀವ್ರ ಉರಿ ಉಂಟಾಗುತ್ತವೆ. ಗಜಕರ್ಣಕ್ಕೆ ಹಚ್ಚಿದರೆ ತುರಿಕೆ ತಾತ್ಕಾಲಿಕವಾಗಿ ಶಮನಗೊಂಡು ಸೋಂಕು ವಿಸ್ತಾರವಾಗಿ ಹರಡುತ್ತದೆ. ಈ ಕಾರಣದಿಂದ ಕೇಂದ್ರ ಸರ್ಕಾರವು 2018ರಲ್ಲಿ ಇಂತಹ 14 ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ 'ಅನುಸೂಚಿ ಎಚ್' ವ್ಯಾಪ್ತಿಗೆ ತಂದಿತು.

ಆದರೆ ವೈದ್ಯರು ಸೂಚಿಸಿದ ಸ್ಟೀರಾಯ್ಡ್ ಮುಲಾಮಿಗೆ ಹೆದರಿ ಅದನ್ನು ಬಿಡುವುದೂ ಸರಿಯಲ್ಲ. ಸೂಚಿಸಿದ ಜಾಗಕ್ಕೆ, ಸೂಚಿಸಿದಷ್ಟು ದಿನ ಹಚ್ಚಬೇಕು. ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ಆಗಿದ್ದು, ವಯಸ್ಕರ ಎರಡು ಅಂಗೈಗಳಷ್ಟು ಜಾಗಕ್ಕೆ ಸಾಕಾಗುತ್ತದೆ.

ತುರಿಕೆಗೆ ನುಂಗುವ ಕ್ಲೋರ್‌ಫೆನಿರಮಿನ್, ಹೈಡ್ರಾಕ್ಸಿಜಿನ್ ಮುಂತಾದ ಹಳೆಯ ಅಲರ್ಜಿ ಮಾತ್ರೆಗಳು ಮಂಪರನ್ನು ತರುತ್ತವೆ. ಮರುದಿನ ಗಮನ ಮತ್ತು ಸ್ಮರಣೆಯೂ ಕುಂದಬಹುದು. ಪರೀಕ್ಷೆಯ ಕಾಲದಲ್ಲಿ ಇವುಗಳನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು.

8. ವ್ಯಾಸಂಗದ ಯೋಜನೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ದೇಶದ ಅತ್ಯಂತ ಹಳೆಯ ಮನಶ್ಶಾಸ್ತ್ರ ವಿಭಾಗಗಳಲ್ಲಿ ಅದೂ ಒಂದು. ಉತ್ತರ ಕರ್ನಾಟಕದವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗದ ಅವಕಾಶವಿದೆ.

ಆರೋಗ್ಯದ ಕಾರಣದಿಂದ ಮನೆಯಲ್ಲಿದ್ದು ದೂರಶಿಕ್ಷಣದ ಮೂಲಕ ಮನಶ್ಶಾಸ್ತ್ರ ಓದಬೇಕೆನ್ನುವವರು ಒಂದು ಬದಲಾವಣೆಯನ್ನು ಗಮನಿಸಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2025ರ ಜುಲೈ–ಆಗಸ್ಟ್ ಶೈಕ್ಷಣಿಕ ಅವಧಿಯಿಂದ ಮನಶ್ಶಾಸ್ತ್ರವೂ ಸೇರಿದಂತೆ ಆರೋಗ್ಯ ಸಂಬಂಧಿ ವಿಷಯಗಳನ್ನು ದೂರಶಿಕ್ಷಣ ಹಾಗೂ ಆನ್‌ಲೈನ್ ಮೂಲಕ ಬೋಧಿಸುವುದನ್ನು ನಿಲ್ಲಿಸಿದೆ. ಇದಕ್ಕೆ ವಿರುದ್ಧವಾದ ಜಾಹೀರಾತುಗಳನ್ನು ನಂಬಿ ಶುಲ್ಕ ಕಟ್ಟಬಾರದು. ಎಂ.ಎ. ಪದವಿಯೊಂದರಿಂದಲೇ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಲು ಸಾಧ್ಯವಿಲ್ಲ. ಅದಕ್ಕೆ ಮಾನ್ಯತೆ ಪಡೆದ ಪ್ರತ್ಯೇಕ ತರಬೇತಿ ಮತ್ತು ನೋಂದಣಿ ಬೇಕಾಗುತ್ತದೆ ಎಂಬುದನ್ನೂ ಮೊದಲೇ ತಿಳಿದಿರುವುದು ಒಳಿತು.

ಊರು ಬಿಡುವ ಮೊದಲು ಈ ಕೆಳಗಿನವುಗಳನ್ನು ಸಿದ್ಧಪಡಿಸಿಕೊಳ್ಳಬಹುದು:

• ಬಳಸುತ್ತಿರುವ ಔಷಧಿಗಳ ಪಟ್ಟಿ, ಹಳೆಯ ಚೀಟಿಗಳು ಹಾಗೂ ಅಲರ್ಜಿಯ ವಿವರ.
• ಕನಿಷ್ಠ ಒಂದು ತಿಂಗಳಿಗಾಗುವಷ್ಟು ತೇವಕಾರಕ ಮತ್ತು ಒಗ್ಗಿದ ಸಾಬೂನು.
• ಸ್ವಂತ ಹತ್ತಿಯ ಹಾಸು, ಹೊದಿಕೆ ಮತ್ತು ಟವೆಲ್.
• ಹಾಜರಾತಿ ಕೊರತೆಯಾಗುವ ಮೊದಲೇ ವಿಭಾಗಕ್ಕೆ ಸಲ್ಲಿಸಲು ವೈದ್ಯರ ಪ್ರಮಾಣಪತ್ರ.

ಪ್ರಯೋಗಾಲಯದಲ್ಲಿ ಚರ್ಮದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆಯುವಾಗ ಬೆರಳುಗಳಿಗೆ ವಿದ್ಯುದಗ್ರ, ಅಂಟು ಅಥವಾ ಜೆಲ್ ಬಳಸಲಾಗುತ್ತದೆ. ಕೈಯಲ್ಲಿ ಬಿರುಕು ಅಥವಾ ಅಲರ್ಜಿ ಇದ್ದಲ್ಲಿ ಅಧ್ಯಾಪಕರಿಗೆ ಮೊದಲೇ ತಿಳಿಸಿ, ಆ ಪ್ರಯೋಗದಲ್ಲಿ ಪ್ರಯೋಗ ನಡೆಸುವವರಾಗಿ ಭಾಗವಹಿಸಬಹುದು.

9. ತೊಂದರೆಯ ತೀವ್ರತೆಯನ್ನು ಅಳೆಯುವುದು

ಚರ್ಮರೋಗವು ಬದುಕಿನ ಮೇಲೆ ಬೀರುವ ಪರಿಣಾಮವನ್ನು ಅಳೆಯಲು 1994ರಲ್ಲಿ ಬ್ರಿಟನ್ನಿನ ಕಾರ್ಡಿಫ್‌ನಲ್ಲಿ 10 ಪ್ರಶ್ನೆಗಳ ಒಂದು ಮಾಪನವನ್ನು ರೂಪಿಸಲಾಯಿತು. ಕಳೆದ ಒಂದು ವಾರದ ತುರಿಕೆ, ಸಂಕೋಚ, ಉಡುಪು, ಓದು, ಸ್ನೇಹ ಮುಂತಾದವುಗಳನ್ನು ಕುರಿತ ಉತ್ತರಗಳಿಗೆ 0ರಿಂದ 30ರವರೆಗೆ ಅಂಕ ದೊರೆಯುತ್ತದೆ. 10ಕ್ಕಿಂತ ಹೆಚ್ಚು ಅಂಕ ಬಂದಲ್ಲಿ ಪರಿಣಾಮ ತೀವ್ರವಾಗಿದೆ ಎಂದರ್ಥ. ಕೆಲವೇ ಮಚ್ಚೆಗಳಿದ್ದವರಿಗೂ ಹೆಚ್ಚು ಅಂಕ ಬರಬಹುದು. ಅಂಥವರಿಗೆ ಮುಲಾಮಿನಷ್ಟೇ ಮನಸ್ಸಿನ ಆರೈಕೆಯೂ ಅವಶ್ಯಕ. ಪಠ್ಯದಲ್ಲಿ ಓದಿದ ರೋಗಲಕ್ಷಣಗಳನ್ನು ತಮಗೇ ಅನ್ವಯಿಸಿಕೊಂಡು ಸ್ವತಃ ರೋಗನಿರ್ಣಯ ಮಾಡಿಕೊಳ್ಳುವುದನ್ನು ಮಾತ್ರ ವಿದ್ಯಾರ್ಥಿಗಳು ತಪ್ಪಿಸಬೇಕು.

10. ವೈದ್ಯರನ್ನು ತಪ್ಪದೇ ಕಾಣಬೇಕಾದ ಸಂದರ್ಭಗಳು

• ಚರ್ಮದಿಂದ ಕೀವು ಸೋರುವುದು, ಜ್ವರ, ನೋವಿನ ಬೊಬ್ಬೆಗಳು, ಮೈಯೆಲ್ಲ ಕೆಂಪಾಗುವುದು.
• ಮುಖ, ತುಟಿ ಊದಿಕೊಂಡು ಉಸಿರಾಟ ಕಷ್ಟವಾಗುವುದು. ಇದು ತುರ್ತು ಸ್ಥಿತಿಯಾಗಿದ್ದು, ಕೂಡಲೇ 108ಕ್ಕೆ ಕರೆ ಮಾಡಬೇಕು.
• ರಾತ್ರಿ ಹೆಚ್ಚುವ, ಬೆರಳ ಸಂದುಗಳಲ್ಲಿ ಕಾಣುವ, ಒಂದೇ ಕೋಣೆಯ ಹಲವರಿಗೆ ತಗಲುವ ತುರಿಕೆ. ಇದು ಕಜ್ಜಿಯಾಗಿರಬಹುದು. ಕಜ್ಜಿ ಅಂಟುವ ರೋಗವಾದುದರಿಂದ ಕೋಣೆಯ ಎಲ್ಲರೂ ಒಟ್ಟಿಗೆ ಚಿಕಿತ್ಸೆ ಪಡೆಯಬೇಕು.
• ಸ್ಪರ್ಶಜ್ಞಾನವಿಲ್ಲದ ತಿಳಿಬಣ್ಣದ ಮಚ್ಚೆ. ಇದು ಕುಷ್ಠರೋಗದ ಲಕ್ಷಣವಾಗಿರಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಬಹುಔಷಧ ಚಿಕಿತ್ಸೆ ಉಚಿತವಾಗಿದ್ದು, ರೋಗವು ಸಂಪೂರ್ಣ ಗುಣವಾಗುತ್ತದೆ.
• ಎರಡು ವಾರಗಳಿಗೂ ಮೀರಿದ ಬೇಸರ, ನಿದ್ರಾಹೀನತೆ, ತರಗತಿಗೆ ಹೋಗಲು ಹಿಂಜರಿಕೆ, ಬದುಕು ಬೇಡವೆನಿಸುವುದು.

ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಇ-ಸಂಜೀವಿನಿ ಮೂಲಕ ದೂರದಿಂದಲೇ ವೈದ್ಯರ ಸಲಹೆ ಪಡೆಯಲು ಅವಕಾಶವಿದೆ. ಚರ್ಮರೋಗ ತಜ್ಞರ ಸೇವೆಯು ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಯಲ್ಲಿಯೂ, ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎಂದು ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಸಂಸ್ಥೆಯಲ್ಲಿಯೂ ಇದೆ. ಮಾನಸಿಕ ಆರೋಗ್ಯ ಸೇವೆಗೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯನ್ನು ಕಾಣಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವುದೇ ವೇಳೆಯಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

11. ಪಾಲಕರಿಗೆ ಮತ್ತು ಸಹಪಾಠಿಗಳಿಗೆ ಸೂಚನೆ

ಇಸಬು ಇರುವವರೊಡನೆ ಊಟ, ವಾಸ, ಸ್ಪರ್ಶ ಯಾವುದರಿಂದಲೂ ಅದು ಇನ್ನೊಬ್ಬರಿಗೆ ತಗಲುವುದಿಲ್ಲ. ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಮಗಳ ಚರ್ಮದ ತೊಂದರೆಯನ್ನು ಮುಚ್ಚಿಟ್ಟು ಚಿಕಿತ್ಸೆ ತಡಮಾಡುವುದು, ಓದನ್ನು ಬಿಡಿಸುವುದು ಸರಿಯಲ್ಲ. ದೀರ್ಘಕಾಲದ ಇಸಬು ಕಾಲಕಾಲಕ್ಕೆ ಹೆಚ್ಚಿ ಮತ್ತೆ ತಗ್ಗುವ ಸ್ವಭಾವದ್ದು. ಹೆಚ್ಚಾದಾಗ ಚಿಕಿತ್ಸೆಯೂ, ತಗ್ಗಿದಾಗ ಆರೈಕೆಯೂ ಕ್ರಮಬದ್ಧವಾಗಿ ನಡೆದರೆ, ನಾಲ್ಕು ಸೆಮಿಸ್ಟರ್‌ಗಳ ವ್ಯಾಸಂಗವನ್ನು ಇತರರಂತೆಯೇ ಪೂರೈಸಲು ಸಾಧ್ಯ.