ಆಕಾಶ ಮಾರಿದರೂ ಬಾರದ ರೈಲು

ಗಗನಚುಂಬಿ ಕಟ್ಟಡದ ಎತ್ತರವನ್ನು ಎಂಜಿನಿಯರುಗಳು ನಿರ್ಧರಿಸುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಆದರೆ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 61 ಅಂತಸ್ತಿನ ಗೋಪುರವೊಂದರ ಎತ್ತರ ನಿಗದಿಯಾದದ್ದು ಒಂದು ಸಾರಿಗೆ ನಿಲ್ದಾಣದ ಖರ್ಚು ಮತ್ತು ಉದ್ಯಾನಗಳ ಮೇಲೆ ಬೀಳುವ ನೆರಳು, ಇವೆರಡರ ನಡುವಿನ ಚೌಕಾಸಿಯಲ್ಲಿ.

ಅಲ್ಲಿನ ಹಳೆಯ ಟ್ರಾನ್ಸ್‌ಬೇ ನಿಲ್ದಾಣ 1939ರಲ್ಲಿ ಆರಂಭವಾದಾಗ, ಕೊಲ್ಲಿಯ ಸೇತುವೆ ದಾಟಿ ರೈಲುಗಳು ಬರುತ್ತಿದ್ದವು. 1958ರಲ್ಲಿ ಅವು ನಿಂತು, ನಿಲ್ದಾಣ ಬಸ್ಸುಗಳ ಪಾಲಾಯಿತು. 1989ರ ಭೂಕಂಪ ಕಥೆಗೆ ಹೊಸ ತಿರುವು ಕೊಟ್ಟಿತು. ಬಿರುಕುಬಿಟ್ಟ ಮೇಲ್ಸೇತುವೆ ಹೆದ್ದಾರಿಯನ್ನು ಕೆಡವಿದಾಗ ನಗರದ ನಡುಮಧ್ಯೆ ಸರ್ಕಾರಿ ಜಮೀನು ತೆರವಾಯಿತು. ಅದನ್ನು ಮಾರಿ ಬಂದ ಹಣವನ್ನು ಹೊಸ ನಿಲ್ದಾಣಕ್ಕೇ ಬಳಸಬೇಕೆಂದು 2003ರಲ್ಲಿ ಒಪ್ಪಂದವಾಯಿತು. ಸುತ್ತಲಿನ ಪ್ರದೇಶದಲ್ಲಿ ಕಟ್ಟುವ ಹೊಸ ಮನೆಗಳಲ್ಲಿ ಶೇ 35ರಷ್ಟು ಕಡಿಮೆ ಹಾಗೂ ಮಧ್ಯಮ ಆದಾಯದವರ ಕೈಗೆಟುಕುವಂತಿರಬೇಕು ಎಂಬ ಕಾನೂನೂ ಅದೇ ವರ್ಷ ಬಂತು. ಈ ಷರತ್ತು ಇಲ್ಲದಿದ್ದರೆ ಅಲ್ಲಿ ಸಿರಿವಂತರ ಓಣಿಯಷ್ಟೇ ಎದ್ದು ನಿಲ್ಲುತ್ತಿತ್ತು.

ಜಮೀನಿಗೆ ಬೆಲೆ ಬರುವುದು ಅದರ ಮೇಲೆ ಎಷ್ಟು ಅಂತಸ್ತು ಏರಿಸಬಹುದು ಎಂಬುದರಿಂದ. 1985ರ ಯೋಜನೆಯ ಮಿತಿ 550 ಅಡಿ. 2012ರ ಯೋಜನೆ ನಿಲ್ದಾಣದ ಪಕ್ಕದ ನಿವೇಶನಕ್ಕೆ ಅದರ ಸುಮಾರು ಎರಡರಷ್ಟು ಎತ್ತರವನ್ನು ದಯಪಾಲಿಸಿತು. ಸುತ್ತಮುತ್ತ ಹೆಚ್ಚುವರಿ ಎತ್ತರ ಪಡೆದವರು ವರ್ಷ ವರ್ಷವೂ ವಿಶೇಷ ತೆರಿಗೆ ಕಟ್ಟಬೇಕು. ಅದರ ಆಧಾರದ ಮೇಲೆ ಸಾಲಪತ್ರ ಮಾರಿ ಹಣ ಎತ್ತಬೇಕು. ಲೆಕ್ಕಾಚಾರ ಸರಳವೇ.

ಆದರೆ ನೆರಳಿಗೂ ಅಲ್ಲೊಂದು ಕಾನೂನಿದೆ! ಸಾರ್ವಜನಿಕ ಉದ್ಯಾನಗಳ ಬಿಸಿಲನ್ನು 40 ಅಡಿ ಮೀರಿದ ಕಟ್ಟಡಗಳು ಕಸಿಯಬಾರದೆಂದು ಮತದಾರರು 1984ರಲ್ಲೇ ಕಟ್ಟಪ್ಪಣೆ ಮಾಡಿದ್ದರು. ಹೀಗಾಗಿ ಮೊದಲು 1,200 ಅಡಿ ಎಂದಿದ್ದ ಗೋಪುರ 1,070 ಅಡಿಗೆ ಇಳಿಯಿತು. ಅಷ್ಟಕ್ಕೂ ಕೆಲವು ಉದ್ಯಾನಗಳ ನೆರಳಿನ ಮಿತಿಯನ್ನು ಸಡಿಲಿಸಬೇಕಾಯಿತು. ಬಿಸಿಲನ್ನು ಹೀಗೆ ಅಳೆದು ತೂಗುವುದು ವಿಚಿತ್ರವೆನಿಸಿದರೂ, ಪುಟ್ಟ ಮನೆಗಳಲ್ಲಿ ಬದುಕುವವರಿಗೆ ಉದ್ಯಾನವೇ ಅಂಗಳ.

ಮಾರುಕಟ್ಟೆಯೂ ಕೈಕೊಟ್ಟಿತು. 2007ರಲ್ಲಿ ಗೋಪುರದ ನಿವೇಶನಕ್ಕೆ 35 ಕೋಟಿ ಡಾಲರ್ ಕೊಡುವುದಾಗಿ ಹೇಳಿದ್ದ ಕಂಪನಿ, ಆರ್ಥಿಕ ಕುಸಿತದ ನಂತರ ಪಾಲುದಾರರೊಡನೆ 2013ರಲ್ಲಿ ಕೊಟ್ಟದ್ದು ಸುಮಾರು 19.2 ಕೋಟಿ. ಮರುವರ್ಷ, ಎತ್ತರ ಗಿಟ್ಟಿಸಿಕೊಂಡ ಬಿಲ್ಡರುಗಳೇ ವಿಶೇಷ ತೆರಿಗೆ ಹೆಚ್ಚಾಯಿತೆಂದು ತಕರಾರು ತೆಗೆದರು. ಇತ್ತ ನಿಲ್ದಾಣದ ವೆಚ್ಚ ಏರುತ್ತಾ 200 ಕೋಟಿ ಡಾಲರ್ ದಾಟಿತು.

2018ರಲ್ಲಿ ಸೇಲ್ಸ್‌ಫೋರ್ಸ್ ಗೋಪುರವೂ ನಿಲ್ದಾಣವೂ ತೆರೆದವು. ಕೆಲವೇ ವಾರಗಳಲ್ಲಿ ಉಕ್ಕಿನ ತೊಲೆಗಳಲ್ಲಿ ಬಿರುಕು ಕಂಡು ನಿಲ್ದಾಣ ಮುಚ್ಚಿತು. ಜನ ಮತ್ತೆ ಒಳಗೆ ಕಾಲಿಟ್ಟದ್ದು 2019ರ ಜುಲೈಯಲ್ಲಿ. ಈಗ ಮೇಲೆ 5.4 ಎಕರೆ ತಾರಸಿ ಉದ್ಯಾನ, ಅದರ ಕೆಳಗೆ ಬಸ್ಸುಗಳ ಅಂತಸ್ತು. ನೆಲದಡಿ ರೈಲಿಗಾಗಿ ಕಟ್ಟಿದ ವಿಶಾಲ ಅಂಕಣ ಮಾತ್ರ ಖಾಲಿ. ಅಲ್ಲಿಗೆ ಸುರಂಗ ಇನ್ನೂ ಆಗಬೇಕಿದೆ. ದಕ್ಷಿಣದಿಂದ ಬರುವ ಕಾಲ್‌ಟ್ರೇನ್ ಸುಮಾರು 2 ಕಿ.ಮೀ. ದೂರದಲ್ಲೇ ನಿಲ್ಲುತ್ತದೆ, ಪ್ರಯಾಣಿಕರು ಅಲ್ಲಿಂದ ಬಸ್ಸೋ ಟ್ರಾಮೋ ಹಿಡಿಯುತ್ತಾರೆ.