ಪ್ರಥಮ ಪಿಯುಸಿ ನಂತರದ ಬೇಸಿಗೆ ರಜೆ: ಸಿಇಟಿ ದಾಖಲೆ ಸಿದ್ಧತೆಗೆ ಸಕಾಲ

ವೃತ್ತಿಶಿಕ್ಷಣ ಕೋರ್ಸ್‌ಗಳ ಸೀಟು ಕೈತಪ್ಪಲು ಕಡಿಮೆ ಅಂಕವೊಂದೇ ಕಾರಣವಲ್ಲ. ಒಳ್ಳೆಯ ರ‍್ಯಾಂಕ್ ಬಂದಿದ್ದರೂ ಪ್ರಮಾಣಪತ್ರದಲ್ಲಿ ಒಂದು ಸಹಿ ಇಲ್ಲದ, ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸವಾದ ಕಾರಣಕ್ಕೆ ಮೀಸಲಾತಿ ಕೈಬಿಟ್ಟುಹೋಗಿ, ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಬೇಕಾದ ಸ್ಥಿತಿ ಒದಗಬಹುದು. ಇದನ್ನು ತಪ್ಪಿಸಲು ಸೂಕ್ತ ಸಮಯ ದ್ವಿತೀಯ ಪಿಯುಸಿ ವರ್ಷವಲ್ಲ. ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ನಂತರದ ಏಪ್ರಿಲ್-ಮೇ ತಿಂಗಳ ರಜೆ.

ಇದಕ್ಕೆ ಕಾರಣ ಸರಳ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಗೆ (ಸಿಇಟಿ) 2024 ಮತ್ತು 2025ರಲ್ಲಿ ಜನವರಿಯಲ್ಲೇ ಆನ್‌ಲೈನ್ ಅರ್ಜಿ ಸಲ್ಲಿಕೆ ಆರಂಭವಾಯಿತು. ಆ ಹೊತ್ತಿಗೆ ವಿದ್ಯಾರ್ಥಿಗಳು ಪ್ರಾಯೋಗಿಕ ಹಾಗೂ ಪೂರ್ವಸಿದ್ಧತಾ ಪರೀಕ್ಷೆಗಳಲ್ಲಿ ಮುಳುಗಿರುತ್ತಾರೆ. ಮೀಸಲಾತಿಯ ವಿವರಗಳನ್ನು ಅರ್ಜಿಯಲ್ಲಿಯೇ ನಮೂದಿಸಬೇಕು. ಅಲ್ಲಿ ಕೋರದ ಸೌಲಭ್ಯವನ್ನು ಸೀಟು ಹಂಚಿಕೆಯ ವೇಳೆ ಪಡೆಯುವುದು ಕಷ್ಟ.

ಜಾತಿ ಮತ್ತು ಆದಾಯ ಪ್ರಮಾಣಪತ್ರ

ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ನಮೂನೆ 'ಡಿ', ಪ್ರವರ್ಗ-1ಕ್ಕೆ ನಮೂನೆ 'ಇ', 2ಎ, 2ಬಿ, 3ಎ ಮತ್ತು 3ಬಿ ಪ್ರವರ್ಗಗಳಿಗೆ ನಮೂನೆ 'ಎಫ್'ನಲ್ಲಿ ತಹಶೀಲ್ದಾರರು ಪ್ರಮಾಣಪತ್ರ ನೀಡುತ್ತಾರೆ. ನಾಡಕಚೇರಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬಹುದು. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ನಮೂದಿಸಿದಾಗ ಕಂದಾಯ ಇಲಾಖೆಯ ದತ್ತಾಂಶದೊಂದಿಗೆ ಅದು ತಾಳೆಯಾಗಬೇಕು.

ಪ್ರಮಾಣಪತ್ರ ತಂದೆಯ ಅಥವಾ ತಾಯಿಯ ಹೆಸರಿನಲ್ಲಿದ್ದರೆ ಸಾಲದು, ವಿದ್ಯಾರ್ಥಿಯ ಹೆಸರಿನಲ್ಲೇ ಇರಬೇಕು. ನಮೂನೆ 'ಎಫ್' ಪ್ರಮಾಣಪತ್ರದ ಅವಧಿ ಐದು ವರ್ಷ. ಪ್ರೌಢಶಾಲೆಗೆ ಸೇರುವಾಗ ಪಡೆದದ್ದು ಕಾಲೇಜು ಪ್ರವೇಶದ ಹೊತ್ತಿಗೆ ಅವಧಿ ಮೀರಿರುವ ಸಾಧ್ಯತೆ ಹೆಚ್ಚು.

ನೀಟ್, ಜೆಇಇ ಮೂಲಕ ಅಖಿಲ ಭಾರತ ಕೋಟಾದ ಸೀಟು ಬಯಸುವ ಹಿಂದುಳಿದ ವರ್ಗದವರು ಇನ್ನೊಂದು ಅಂಶ ಗಮನಿಸಬೇಕು. ಕೇಂದ್ರದ ಪಟ್ಟಿ ಬೇರೆ, ರಾಜ್ಯದ ಪಟ್ಟಿ ಬೇರೆ. ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಪಡೆಯಬೇಕು. ಅದನ್ನು ಪ್ರವೇಶದ ವರ್ಷದ ನಿಯಮಕ್ಕೆ ಅನುಗುಣವಾಗಿ ಹೊಸದಾಗಿ ಪಡೆಯಬೇಕಾದ್ದರಿಂದ ಈಗ ಅರ್ಹತೆಯನ್ನು ಖಚಿತಪಡಿಸಿಕೊಂಡರೆ ಸಾಕು.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ

ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದ ಶಾಲೆಗಳಲ್ಲಿ ಓದಿದವರಿಗೆ ಶೇ 15ರಷ್ಟು, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5ರಷ್ಟು ಮೀಸಲಾತಿ ಇದೆ. ಇಲ್ಲಿ ಗಣನೆಗೆ ಬರುವುದು ಶಾಲೆ ಇರುವ ಸ್ಥಳವೇ ಹೊರತು ಮನೆಯ ವಿಳಾಸವಲ್ಲ. ಹಳ್ಳಿಯಲ್ಲಿ ವಾಸವಿದ್ದು ಪಟ್ಟಣದ ಶಾಲೆಗೆ ಹೋದವರಿಗೆ ಗ್ರಾಮೀಣ ಮೀಸಲಾತಿ ದೊರೆಯದು.

ಈ ಪ್ರಮಾಣಪತ್ರಗಳಿಗೆ ಮುಖ್ಯ ಶಿಕ್ಷಕರ ಸಹಿ ಹಾಗೂ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಅಗತ್ಯ. ಪ್ರಾಥಮಿಕ ಶಾಲೆ ಒಂದು ಊರಿನಲ್ಲಿ, ಪ್ರೌಢಶಾಲೆ ಮತ್ತೊಂದು ತಾಲ್ಲೂಕಿನಲ್ಲಿ ಆಗಿದ್ದರೆ ಎರಡೂ ಕಡೆ ಅಲೆಯಬೇಕಾಗುತ್ತದೆ. ಬೇಸಿಗೆಯಲ್ಲಿ ಇದಕ್ಕೊಂದು ಅಡ್ಡಿಯೂ ಇದೆ. ಶಾಲೆಗಳಿಗೆ ಸಾಮಾನ್ಯವಾಗಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಶಿಕ್ಷಣಾಧಿಕಾರಿಯ ಕಚೇರಿ ತೆರೆದಿದ್ದರೂ ಶಾಲೆಯಲ್ಲಿ ಮುಖ್ಯ ಶಿಕ್ಷಕರು ಸಿಗಲಾರರು. ಆದುದರಿಂದ ಏಪ್ರಿಲ್ ಮೊದಲ ವಾರದಲ್ಲಿಯೇ ಹೋಗುವುದು ಅಥವಾ ಮುಂಚಿತವಾಗಿ ದೂರವಾಣಿಯಲ್ಲಿ ವಿಚಾರಿಸಿ ಹೊರಡುವುದು ಲೇಸು.

ಕಲ್ಯಾಣ ಕರ್ನಾಟಕ ಮತ್ತು ಗಡಿನಾಡು

ಸಂವಿಧಾನದ 371(ಜೆ) ವಿಧಿಯನ್ವಯ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯದ ಇತರೆಡೆ ಶೇ 8ರಷ್ಟು ಸೀಟುಗಳು ಆ ಭಾಗದ ವಿದ್ಯಾರ್ಥಿಗಳಿಗೆ ಮೀಸಲು. ಇದರ ಅರ್ಹತಾ ಪ್ರಮಾಣಪತ್ರವನ್ನು ನೀಡುವವರು ಉಪವಿಭಾಗದ ಸಹಾಯಕ ಆಯುಕ್ತರು. ಬೆಂಗಳೂರು, ಮೈಸೂರಿನಲ್ಲಿ ನೆಲೆಸಿರುವ ಬೀದರ್, ರಾಯಚೂರು ಮೂಲದ ಕುಟುಂಬಗಳು ರಜೆಗೆ ಊರಿಗೆ ತೆರಳಿದಾಗಲೇ ಈ ಕೆಲಸ ಮುಗಿಸಿಕೊಳ್ಳಬಹುದು.

ಕಾಸರಗೋಡು, ಜತ್ತ, ಅಕ್ಕಲಕೋಟೆ ಮುಂತಾದ ಕಡೆಯ ಗಡಿನಾಡ ಕನ್ನಡಿಗರಿಗೂ ಹೊರನಾಡ ಕನ್ನಡಿಗರಿಗೂ ಪ್ರಾಧಿಕಾರ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಬೇರೆ ಮಾಧ್ಯಮದಲ್ಲಿ ಓದುತ್ತಿರುವವರು ಕನ್ನಡ ಬರವಣಿಗೆಯ ಅಭ್ಯಾಸವನ್ನು ಈ ರಜೆಯಲ್ಲಿ ಆರಂಭಿಸಬಹುದು.

ಹೆಸರಿನ ಗೊಂದಲ

ಸಿಇಟಿ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವಂತೆಯೇ ಹೆಸರು ಬರೆಯಬೇಕು. ನಮ್ಮಲ್ಲಿ ಇನಿಷಿಯಲ್ ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ ಬರುವುದು ಸಾಮಾನ್ಯ. ಆಧಾರ್, ಜಾತಿ ಪ್ರಮಾಣಪತ್ರ ಮತ್ತು ಅಂಕಪಟ್ಟಿಯನ್ನು ಒಟ್ಟಿಗಿಟ್ಟು ಅಕ್ಷರಶಃ ಹೋಲಿಸಿ ನೋಡಬೇಕು. ಆಧಾರ್‌ನಲ್ಲಿ ಹೆಸರನ್ನು ಎರಡು ಬಾರಿ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ತಿದ್ದಲು ಅವಕಾಶವಿರುವುದರಿಂದ ಆತುರ ಸಲ್ಲದು. ಅಂಕಪಟ್ಟಿಯಲ್ಲೇ ತಪ್ಪಿದ್ದರೆ ಓದಿದ ಶಾಲೆಯ ಮೂಲಕ ತಿದ್ದುಪಡಿಗೆ ಕೋರಬೇಕು. ಇದು ಸಮಯ ಹಿಡಿಯುವ ಕೆಲಸ.

ಓದಿಗೂ ಇದೇ ಸಮಯ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಮತ್ತು ದ್ವಿತೀಯ ಪಿಯುಸಿ ಅಂಕಗಳನ್ನು ತಲಾ ಶೇ 50ರಂತೆ ಪರಿಗಣಿಸಲಾಗುತ್ತದೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ; ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಪ್ರಥಮ ಪಿಯುಸಿ ಪಠ್ಯದ ಪ್ರಶ್ನೆಗಳೂ ಇರುವುದರಿಂದ, ಪಾಠಗಳು ನೆನಪಿನಲ್ಲಿರುವಾಗಲೇ ಅವುಗಳ ಟಿಪ್ಪಣಿ ಮಾಡಿಟ್ಟುಕೊಳ್ಳುವುದು ಜಾಣತನ.

ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್‌ಗಳು ಕಾಲೇಜುವಾರು, ಪ್ರವರ್ಗವಾರು ಲಭ್ಯ. ಅವುಗಳನ್ನು ನೋಡಿ, ಶುಲ್ಕ ಮತ್ತು ಹಾಸ್ಟೆಲ್ ವೆಚ್ಚವನ್ನು ಪೋಷಕರೊಂದಿಗೆ ಚರ್ಚಿಸಿ ಕಾಲೇಜುಗಳ ಪಟ್ಟಿಯೊಂದನ್ನು ಬರೆದಿಟ್ಟುಕೊಂಡರೆ, ಮುಂದೆ ಆಪ್ಷನ್ ಎಂಟ್ರಿ ವೇಳೆ ಆದ್ಯತೆಯ ಕ್ರಮ ನಿರ್ಧರಿಸುವುದು ಸುಲಭ.

ರಜೆ ಮುಗಿಯುವುದರೊಳಗೆ

* ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್‌ನಲ್ಲಿ ಹೆಸರು ಹೊಂದಾಣಿಕೆ
* ವಿದ್ಯಾರ್ಥಿಯ ಹೆಸರಿನಲ್ಲಿ ಚಾಲ್ತಿಯಲ್ಲಿರುವ ಜಾತಿ-ಆದಾಯ ಪ್ರಮಾಣಪತ್ರ
* ಒಂದರಿಂದ ಹತ್ತನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ
* ಅನ್ವಯಿಸಿದಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ) ಪ್ರಮಾಣಪತ್ರಗಳು
* ಎಲ್ಲ ದಾಖಲೆಗಳ ತಲಾ ಎರಡು ಜೆರಾಕ್ಸ್ ಮತ್ತು ಸ್ಕ್ಯಾನ್ ಪ್ರತಿ

ನಿಯಮಗಳು ವರ್ಷದಿಂದ ವರ್ಷಕ್ಕೆ ಅಲ್ಪಸ್ವಲ್ಪ ಬದಲಾಗುವುದುಂಟು. ಪ್ರಮಾಣಪತ್ರದ ನಮೂನೆಗಳನ್ನು ಆಯಾ ವರ್ಷದ ಮಾಹಿತಿ ಪುಸ್ತಕದೊಂದಿಗೆ ಮತ್ತೊಮ್ಮೆ ಹೋಲಿಸಿ ನೋಡಿದ ನಂತರವೇ ಅರ್ಜಿ ಸಲ್ಲಿಸುವುದು ಕ್ಷೇಮ.